ಇಂಟರ್‌ವೆಲ್ ಮಾತು: ಡಬ್ಬದಲ್ಲಿ ಕೂತ ಚಿತ್ರ, ಬೀದಿಗೆ ಬಂದ ಹಾಡು

ಅಭಿಮಾನಿ ಮಿತ್ರರೇ, ಈ ವಾರ ಯಾವ ನಾಯಕಿಯ ಮದುವೆ ಸುದ್ದಿಯೂ ಇಲ್ಲ, ಯಾವ ನಾಯಕನ ಕಾಲ್‌ಶೀಟ್ ಜಗಳವೂ ಇಲ್ಲ. ಬೇಜಾರು ಮಾಡ್ಕೋಬೇಡಿ. ಒಂದು ಕಾಗದ ಬಂದಿದೆ. ಅದಕ್ಕೆ ಉತ್ತರ ಬರೆಯದೆ ಮೂರು ವಾರ ತಪ್ಪಿಸಿಕೊಂಡು ಓಡಾಡಿದ್ದೇನೆ. ಇನ್ನು ಆಗೋಲ್ಲ.

ಬರೆದವನು ಇಪ್ಪತ್ತೆರಡರ ಹುಡುಗ. ಹೆಸರು ಬೇಡ. ನಾಲ್ಕು ಜನ ಗೆಳೆಯರು ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದಾರಂತೆ. ಗಿಟಾರ್ ಇವನದು. ಎರಡು ವರ್ಷದಿಂದ ಸಂಗೀತ ನಿರ್ದೇಶಕರ ಮನೆ ಬಾಗಿಲು, ಸ್ಟುಡಿಯೋ ಗೇಟು ಅಂತ ಸುತ್ತಿದ್ದಾರೆ. ‘ನೋಡೋಣ, ಹೇಳಿ ಕಳಿಸ್ತೀವಿ’ ಎನ್ನುವ ಮಾತು ಬಿಟ್ಟರೆ ಬೇರೇನೂ ಗಿಟ್ಟಿಲ್ಲ. ಮನೆಯಲ್ಲಿ ಅಪ್ಪ ಒಂದೇ ಸಮನೆ, ‘ಆ ಡಬ್ಬ ಮಾರಿ ಕೆಲಸ ನೋಡ್ಕೊಳ್ಳೋ’ ಅನ್ನುತ್ತಿದ್ದಾರೆ. ಕಾಗದದ ಕೊನೆಗೆ ಹುಡುಗ ಕೇಳುತ್ತಾನೆ: “ಸಾರ್, ಸಿನಿಮಾ ಚಾನ್ಸ್ ಸಿಗದೇ ಇರೋ ಹಾಡು ಹಾಡೇನಾ? ಗಿಟಾರ್ ಮಾರಿಬಿಡಲಾ?”

ಸಿನಿಮಾ ಪತ್ರಿಕೆಯವನನ್ನೇ ಈ ಪ್ರಶ್ನೆ ಕೇಳಿದ್ದಾನಲ್ಲಪ್ಪ, ಭಲೇ ಹುಡುಗ! ಹೂಂ ಅಂದರೂ ತಪ್ಪು, ಉಹೂಂ ಅಂದರೂ ತಪ್ಪು. ಆದ್ದರಿಂದ ಒಂದು ಕಥೆ ಹೇಳ್ತೀನಿ. ಕಥೆ ದಿಲ್ಲಿಯದು, ನಡೆದದ್ದು. ಅದರಲ್ಲೂ ಒಂದು ಗಿಟಾರ್ ಮಾರಾಟ ಆಗುತ್ತೆ.

ಗಿಟಾರ್ ಮಾರಿದ ಗಿಟಾರಿಸ್ಟ್

1984ರಲ್ಲಿ ದಿಲ್ಲಿಯಲ್ಲಿ ಇಬ್ಬರು ಬಂಗಾಳಿ ಯುವಕರ ಪರಿಚಯವಾಯಿತು. ಒಬ್ಬ ಸುಸ್ಮಿತ್ ಸೇನ್, ಗಿಟಾರ್ ನುಡಿಸುವವನು. ಇನ್ನೊಬ್ಬ ಅಶೀಮ್ ಚಕ್ರವರ್ತಿ, ತಬಲಾ ಬಾರಿಸಿಕೊಂಡೇ ಹಾಡುವವನು. ಸುಸ್ಮಿತ್ ಇಂಗ್ಲಿಷ್ ರಾಕ್‌ನವರ ಹಾಗೆ ಗಿಟಾರ್ ಕಿರುಚಿಸುವ ಪೈಕಿ ಅಲ್ಲ. ಸ್ವರ ಹಿಡಿದು ರಾಗದ ದಾರಿಯಲ್ಲಿ ನಡೆಸುವ ಕೈ. ಅಶೀಮ್ ದನಿಯೋ, ನುಣುಪು ಮಾಡದ ಮರದ ಹಾಗೆ. ಮೈಕಿನ ಮುಂದೆ ನಿಂತು ಸ್ಟೈಲ್ ಹೊಡೆಯುವ ಗಾಯಕನೂ ಅಲ್ಲ ಆತ. ವೇದಿಕೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ತಬಲಾ ಬಾರಿಸುತ್ತಾ ಎದೆಯಿಂದ ಹಾಡುವವನು.

ಇಬ್ಬರೂ ಇನ್ನಿಬ್ಬರು ಮೂವರನ್ನು ಸೇರಿಸಿಕೊಂಡು 1990ರ ಹೊತ್ತಿಗೆ ಒಂದು ತಂಡ ಕಟ್ಟಿದರು. ಹೆಸರು ಇಂಡಿಯನ್ ಓಷನ್. ಹಿಂದೂ ಮಹಾಸಾಗರ! ದಿಲ್ಲಿಯಿಂದ ಸಮುದ್ರ ಎಷ್ಟು ದೂರ ಅಂತ ನೀವು ನಗಬಹುದು. ಹೆಸರು ಸೂಚಿಸಿದವರು ಸುಸ್ಮಿತ್ ಅವರ ತಂದೆ. ನೋಡಪ್ಪ ತಮ್ಮಾ, ಅಪ್ಪಂದಿರಲ್ಲಿ ಇಂಥವರೂ ಇರ್ತಾರೆ.

ಹೆಸರಾಯಿತು, ಹಾಡಾಯಿತು. ಕಂಪನಿಯವರಿಗೆ ಕೇಳಿಸೋಕೆ ಒಂದು ಮಾದರಿ ಟೇಪ್ ಬೇಕಲ್ಲ? ಸ್ಟುಡಿಯೋ ಬಾಡಿಗೆಗೆ ಕೈಯಲ್ಲಿ ಕಾಸಿಲ್ಲ. ಆಗ ಸುಸ್ಮಿತ್ ಸೇನ್ ಏನು ಮಾಡಿದರು ಗೊತ್ತೇ? ತಮ್ಮ ಎಲೆಕ್ಟ್ರಿಕ್ ಗಿಟಾರನ್ನೇ ಮಾರಿದರು! ಆ ದುಡ್ಡಿನಲ್ಲಿ ಹಾಡು ಧ್ವನಿಮುದ್ರಣವಾಯಿತು.

ಈ ಜಾಗದಲ್ಲಿ ಒಂದು ನಿಮಿಷ ನಿಲ್ಲಿ. ಮಾರಿದ್ದೇನೋ ಗಿಟಾರನ್ನೇ. ಆದರೆ ಯಾತಕ್ಕೆ? ಕಾಗದ ಬರೆದ ಹುಡುಗ ಇದನ್ನು ಜೇಬಲ್ಲಿ ಇಟ್ಟುಕೊಳ್ಳಲಿ, ಕೊನೆಗೆ ಬೇಕಾಗುತ್ತೆ.

1991ರಲ್ಲಿ ರಾಹುಲ್ ರಾಮ್ ಬಂದರು. ಕೈಯಲ್ಲಿ ಬೇಸ್ ಗಿಟಾರ್, ಬಗಲಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಡಾಕ್ಟರೇಟ್! ವಿಷಯ ಪರಿಸರದಲ್ಲಿರುವ ವಿಷಗಳ ಅಧ್ಯಯನ. ಅಂಥ ಓದು ಓದಿ ಬಂದವರು ಕೋಟು ಹಾಕಿಕೊಂಡು ಆಫೀಸಿನಲ್ಲಿ ಕೂರಲಿಲ್ಲ. ನರ್ಮದಾ ಕಣಿವೆಗೆ ಹೋಗಿ, ಅಣೆಕಟ್ಟಿನಲ್ಲಿ ಮುಳುಗಲಿದ್ದ ಹಳ್ಳಿಗಳವರ ಚಳವಳಿಯಲ್ಲಿ ದುಡಿದರು. ಅಲ್ಲಿ ಕೇಳಿದ ಹಾಡುಗಳು ಅವರ ಜೊತೆಗೇ ದಿಲ್ಲಿಗೆ ಬಂದವು. 1993ರಲ್ಲಿ ಎಚ್‌ಎಂವಿ ಕಂಪನಿಯಿಂದ ಮೊದಲ ಕ್ಯಾಸೆಟ್ ಹೊರಬಿತ್ತು. 1994ರಲ್ಲಿ ಡ್ರಮ್ಸ್‌ಗೆ ಅಮಿತ್ ಕಿಲಂ ಎಂಬ ಚಿಕ್ಕ ಹುಡುಗ ಸೇರಿದ. ನಾಲ್ಕು ಜನರ ಆ ಗುಂಪು ಅಲ್ಲಿಂದ ಮುಂದೆ ಹದಿನೈದು ವರ್ಷ ಒಂದಾಗಿಯೇ ಇತ್ತು.

ಪಲ್ಲವಿ ಎಲ್ಲಿ ಸ್ವಾಮಿ?

ಇವರ ಸಂಗೀತಕ್ಕೆ ಏನಂತ ಕರೀಬೇಕು? ಕೆಲವರು ಫ್ಯೂಷನ್ ರಾಕ್ ಅಂದರು, ಕೆಲವರು ಜನಪದ ರಾಕ್ ಅಂದರು, ಪ್ರೊಗ್ರೆಸಿವ್ ರಾಕ್ ಎಂದು ಬರೆದವರೂ ಉಂಟು. ಪ್ರೊಗ್ರೆಸಿವ್ ರಾಕ್ ಅಂದರೆ ಹೆದರಬೇಡಿ. ನಮ್ಮ ಸಿನಿಮಾ ಹಾಡಿನ ಲೆಕ್ಕ ನಿಮಗೆ ಬಾಯಿಪಾಠ: ಶುರುವಿಗೆ ಒಂದು ಬಿಟ್, ಪಲ್ಲವಿ, ಮತ್ತೊಂದು ಬಿಟ್, ಚರಣ, ಮತ್ತೆ ಪಲ್ಲವಿ. ನಾಲ್ಕೂವರೆ ನಿಮಿಷಕ್ಕೆ ಎಲ್ಲಾ ಮುಗಿದು ನಾಯಕ ನಾಯಕಿ ಊಟಿಯಿಂದ ವಾಪಸ್. ಈ ಜಾತಿಯ ರಾಕ್‌ನವರು ಆ ಲೆಕ್ಕವನ್ನೇ ಒಪ್ಪೋಲ್ಲ. ಹಾಡು ಏಳು ಎಂಟು ನಿಮಿಷ ಹೋಗಲಿ ಬಿಡಿ ಅಂತಾರೆ. ನಡುವೆ ತಾಳ ಬದಲಾಗಬಹುದು, ಹಾಡುಗಾರ ಸುಮ್ಮನಾಗಿ ವಾದ್ಯಗಳೇ ಮಾತಾಡಬಹುದು. ಒಂದು ಡಿಸ್ಕ್ ಪೂರ್ತಿ ಒಂದೇ ಕಥೆ ಹೇಳುವವರೂ ಇದ್ದಾರೆ. ಮುಂಬೈಯ ಕೋಶಿಶ್ ಎಂಬ ಹಿಂದಿ ತಂಡ 2013ರಲ್ಲಿ ‘ಫಿರ್ದೌಸ್’ ಎಂಬ ಇಂಥದೇ ಆಲ್ಬಂ ತಂದಿತು. ಆದರೆ ಹಿಂದಿಯಲ್ಲಿ ಈ ದಾರಿಯ ಮುಳ್ಳು ಸವರಿದವರು ಇಂಡಿಯನ್ ಓಷನ್‌ನವರೇ ಎಂದು ನನ್ನ ಲೆಕ್ಕ.

ಅವರ ಎರಡನೇ ಆಲ್ಬಂ ‘ಡೆಸರ್ಟ್ ರೇನ್’. 1997ರ ಜನವರಿ 1, ದಿಲ್ಲಿಯಲ್ಲಿ ಸಫ್ದರ್ ಹಾಶ್ಮಿ ನೆನಪಿನ ಕಾರ್ಯಕ್ರಮ. ಸಫ್ದರ್ ಯಾರು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ: 1989ರ ಜನವರಿ 1ರಂದು ಬೀದಿನಾಟಕ ಆಡುತ್ತಿದ್ದಾಗಲೇ ಗೂಂಡಾಗಳ ಏಟು ತಿಂದು ಮರುದಿನ ಸತ್ತ ರಂಗಕರ್ಮಿ. ಆ ದಿನ ನೆರೆದ ಜನರ ಮುಂದೆ, ದಿಲ್ಲಿಯ ಚಳಿಯಲ್ಲಿ ನುಡಿಸಿದ್ದೇ ಧ್ವನಿಮುದ್ರಣವಾಗಿ ಆಲ್ಬಂ ಆಯಿತು. ರೀಟೇಕ್ ಇಲ್ಲ, ಡಬ್ಬಿಂಗ್ ಇಲ್ಲ. ತಪ್ಪಿದರೆ ತಪ್ಪಿದ್ದೇ!

ಆಮೇಲೆ 2000ದಲ್ಲಿ ಬಂತು ನೋಡಿ ‘ಕಂದೀಸಾ’. ಊರೂರ ಕಾಲೇಜು ಹಾಸ್ಟೆಲುಗಳಲ್ಲಿ ಕ್ಯಾಸೆಟ್ ಸವೆಯುವ ತನಕ ಓಡಿತು. ಆ ಹೆಸರಿನ ಹಾಡು ಹಿಂದಿಯೂ ಅಲ್ಲ, ಇಂಗ್ಲಿಷೂ ಅಲ್ಲ. ಕೇರಳದ ಸಿರಿಯನ್ ಕ್ರೈಸ್ತರು ಚರ್ಚಿನಲ್ಲಿ ಹಾಡುವ ಸಿರಿಯಾಕ್ ಭಾಷೆಯ ಪ್ರಾರ್ಥನೆ. ಏಸುಕ್ರಿಸ್ತ ಆಡಿದ ಅರಮೇಯಿಕ್ ಭಾಷೆಯ ಕವಲು ಅದು. ಒಂದಕ್ಷರ ಅರ್ಥವಾಗದಿದ್ದರೂ ಮೈ ನಡುಗುತ್ತೆ. ಅದೇ ಡಿಸ್ಕಿನಲ್ಲಿ ‘ಮಾ ರೇವಾ’ ಇದೆ. ರೇವಾ ಅಂದರೆ ನರ್ಮದೆಯ ಇನ್ನೊಂದು ಹೆಸರು. ಕಣಿವೆಯ ಜನ ತಮ್ಮ ಹೊಳೆಯನ್ನು ತಾಯಿ ಅಂತ ಕರೆದು ಹಾಡುವ ಹಾಡು. ರಾಹುಲ್ ರಾಮ್ ಚಳವಳಿಯಿಂದ ಕಟ್ಟಿಕೊಂಡು ಬಂದ ಬುತ್ತಿ ಅದು.

ಈಗ ಲೆಕ್ಕ ಹಾಕಿ. ಗಿಟಾರ್ ಮಾರಿದ್ದು 1990. ದೇಶಕ್ಕೆ ಇವರ ಹೆಸರು ಸರಿಯಾಗಿ ಕೇಳಿಸಿದ್ದು 2000. ನಡುವೆ ಹತ್ತು ವರ್ಷ! ಅಷ್ಟು ವರ್ಷ ಯಾವ ಸಿನಿಮಾದವರೂ ಇವರ ಬಾಗಿಲು ತಟ್ಟಿರಲಿಲ್ಲ. ಇವರೂ ಸಿನಿಮಾದವರ ಗೇಟಿನಲ್ಲಿ ಕಾದು ಕೂತಿರಲಿಲ್ಲ.

ಕಟೌಟ್ ಇಲ್ಲದ ಸೂಪರ್ ಹಿಟ್

ಈಗ ನಮ್ಮ ಅಂಗಳಕ್ಕೆ ಬರೋಣ. ಅನುರಾಗ್ ಕಶ್ಯಪ್ ಎಂಬ ನಿರ್ದೇಶಕರ ಹೆಸರು ಇವತ್ತು ಎಲ್ಲರಿಗೂ ಗೊತ್ತು. ಆಗ ಅವರು ನತದೃಷ್ಟರ ಪಟ್ಟಿಯಲ್ಲಿ ಮೊದಲಿಗರು. ಮೊದಲ ಚಿತ್ರ ‘ಪಾಂಚ್’. ತಮಾಷೆ ನೋಡಿ, ಅದೂ ಒಂದು ರಾಕ್ ಬ್ಯಾಂಡಿನ ಹುಡುಗರ ಕಥೆಯೇ! ಸೆನ್ಸಾರ್ ಗಲಾಟೆಯಲ್ಲಿ ಸಿಕ್ಕಿಕೊಂಡು, ಚಿತ್ರಮಂದಿರದ ಮುಖ ಕಾಣದೆ ವರ್ಷಗಟ್ಟಲೆ ಡಬ್ಬದಲ್ಲಿ ಕೂತಿತು. ಎರಡನೇ ಚಿತ್ರ ‘ಬ್ಲಾಕ್ ಫ್ರೈಡೇ’. 1993ರ ಮಾರ್ಚ್ 12ರ ಬಾಂಬೆ ಸ್ಫೋಟಗಳ ಬಗ್ಗೆ ಪತ್ರಕರ್ತ ಎಸ್. ಹುಸೇನ್ ಜೈದಿ ಬರೆದ ಪುಸ್ತಕವನ್ನು ಆಧರಿಸಿದ್ದು. ಅದಕ್ಕೆ ಸಂಗೀತ ಮಾಡಲು ಕಶ್ಯಪ್ ಕರೆದದ್ದು ಇಂಡಿಯನ್ ಓಷನ್ ತಂಡವನ್ನು. ಹಾಡು ಬರೆದವರು ಪೀಯೂಷ್ ಮಿಶ್ರಾ.

ಚಿತ್ರ 2004ರಲ್ಲೇ ಸಿದ್ಧ. ವಿದೇಶದ ಉತ್ಸವದಲ್ಲೂ ತೋರಿಸಿಯಾಯಿತು. 2005ರ ಜನವರಿಯಲ್ಲಿ ಇನ್ನೇನು ಬಿಡುಗಡೆ ಅನ್ನುವಾಗ ಸ್ಫೋಟದ ಕೇಸಿನ ಆರೋಪಿಗಳು ಕೋರ್ಟಿಗೆ ಹೋದರು. ‘ಟಾಡಾ ಕೋರ್ಟಿನಲ್ಲಿ ನಮ್ಮ ತೀರ್ಪೇ ಬಂದಿಲ್ಲ, ಸಿನಿಮಾದಲ್ಲಿ ಆಗಲೇ ನಮ್ಮನ್ನು ಅಪರಾಧಿ ಮಾಡಿದ್ದಾರೆ’ ಎಂಬುದು ಅವರ ತಕರಾರು. ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು. ಎರಡನೇ ಚಿತ್ರವೂ ಡಬ್ಬಕ್ಕೆ!

ಆದರೆ ತಡೆ ಬಿದ್ದದ್ದು ರೀಲಿಗೆ. ಹಾಡಿಗೆ ಯಾರು ತಡೆ ಹಾಕ್ತಾರೆ? ‘ಬಂದೇ’ ಎಂಬ ಹಾಡು ಡಬ್ಬದಿಂದ ಜಾರಿಕೊಂಡು ಬೀದಿಗೆ ಬಂತು. ನನಗೆ ಅದು ಮೊದಲು ಕೇಳಿದ್ದು ರಾತ್ರಿ ಬಸ್ಸಿನಲ್ಲಿ. ಪಕ್ಕದ ಸೀಟಿನ ಹುಡುಗ ಕಿವಿಯಿಂದ ವೈರ್ ತೆಗೆದು, ‘ಅಂಕಲ್, ಇದನ್ನ ಕೇಳಿ’ ಅಂತ ನನ್ನ ಕಿವಿಗಿಟ್ಟ. ಸುಟ್ಟು ಬೂದಿಯಾದ ಊರಿನ ಮುಂದೆ ನಿಂತು ಮನುಷ್ಯನನ್ನು ‘ನಿಲ್ಲಪ್ಪಾ’ ಅಂತ ತಡೆಯುವ ದನಿ. ಅಶೀಮ್ ಚಕ್ರವರ್ತಿಯ ದನಿ. ‘ಯಾವ ಪಿಕ್ಚರ್ ಕಣಯ್ಯಾ?’ ಅಂದೆ. ‘ಇನ್ನೂ ರಿಲೀಸ್ ಆಗಿಲ್ಲ ಅಂಕಲ್’ ಅಂದ. ‘ಹೀರೋ ಯಾರು?’ ಅಂದೆ. ‘ಗೊತ್ತಿಲ್ಲ’ ಅಂದ.

ಇಷ್ಟು ವರ್ಷದ ನನ್ನ ಸಿನಿಮಾ ಜ್ಞಾನ ಅಲ್ಲೇ ಮುಗ್ಗರಿಸಿತು. ನಾವು ನಂಬಿಕೊಂಡು ಬಂದದ್ದು ಏನು? ಹಾಡು ಹಿಟ್ ಆಗೋಕೆ ಪಿಕ್ಚರ್ ಬೇಕು, ಪಿಕ್ಚರ್‌ಗೆ ಹೀರೋ ಬೇಕು, ಹೀರೋಗೆ ಕಟೌಟ್ ಬೇಕು, ಕಟೌಟ್‌ಗೆ ಹಾರ ಬೇಕು. ಇಲ್ಲಿ ಹಾರ ಇಲ್ಲ, ಕಟೌಟ್ ಇಲ್ಲ, ಹೀರೋ ಯಾರೋ ಗೊತ್ತಿಲ್ಲ, ಪಿಕ್ಚರ್ರೇ ಇಲ್ಲ. ಹಾಡು ಮಾತ್ರ ಊರು ತುಂಬ!

ಕೊನೆಗೆ 2007ರ ಫೆಬ್ರವರಿ 9ರಂದು ಚಿತ್ರ ತೆರೆ ಕಂಡಿತು. ನಾನು ನೋಡಿದ್ದು ಮಾರ್ನಿಂಗ್ ಷೋ. ತುಟಿ ಆಡಿಸುವ ನಾಯಕ ಇಲ್ಲ, ಕುಣಿಯುವ ನಾಯಕಿ ಇಲ್ಲ. ಸಂಗೀತ ಚಿತ್ರದ ಮೈಯೊಳಗೆ ರಕ್ತದ ಹಾಗೆ ಹರಿದಿದೆ, ಅಷ್ಟೇ. ಆದರೂ ಅಶೀಮ್ ದನಿ ಏಳುತ್ತಿದ್ದಂತೆ ಗಾಂಧಿ ಕ್ಲಾಸಿನ ಕಡೆಯಿಂದ ಶಿಳ್ಳೆ! ಪಿಕ್ಚರ್ ನೋಡಿ ಹಾಡು ಕಲಿತವರಲ್ಲ ಅವರು. ಹಾಡು ಕಲಿತು ಪಿಕ್ಚರ್‌ಗೆ ಬಂದವರು.

ಖಜೂರ್ ರೋಡಿನ ಮನೆ

ಮರುವರ್ಷ, 2008ರಲ್ಲಿ, ‘ರಾಕ್ ಆನ್’ ಎಂಬ ಹಿಂದಿ ಚಿತ್ರ ಬಂತು, ನೆನಪಿದೆಯಾ? ಫರ್ಹಾನ್ ಅಖ್ತರ್, ಅರ್ಜುನ್ ರಾಂಪಾಲ್. ನಾಲ್ಕು ಗೆಳೆಯರ ಬ್ಯಾಂಡ್ ಒಡೆಯುತ್ತೆ, ವರ್ಷಗಳ ಮೇಲೆ ಮತ್ತೆ ಸೇರುತ್ತೆ, ಕ್ಲೈಮ್ಯಾಕ್ಸಿನಲ್ಲಿ ಹಾಡುತ್ತೆ, ನಮ್ಮ ಕಣ್ಣು ಒದ್ದೆ. ಸಿನಿಮಾದ ಬ್ಯಾಂಡಿಗೆ ಕಥೆಗಾರ ಇರ್ತಾನೆ, ಒಡೆದದ್ದನ್ನು ಕೂಡಿಸ್ತಾನೆ. ನಿಜವಾದ ಬ್ಯಾಂಡಿಗೆ ಯಾರು ಕ್ಲೈಮ್ಯಾಕ್ಸ್ ಬರೆದುಕೊಡ್ತಾರೆ?

ದಿಲ್ಲಿಯ ಕರೋಲ್ ಬಾಗ್‌ನಲ್ಲಿ ಒಂದು ಹಳೇ ಬಂಗಲೆ. ವಿಳಾಸ 16/330, ಖಜೂರ್ ರೋಡ್. ನಾಲ್ವರೂ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ಅಲ್ಲೇ. ಅವರ ಎಷ್ಟೋ ಹಾಡು ಹುಟ್ಟಿದ್ದು ಅಲ್ಲೇ. ಆ ಮನೆಯ ನೆನಪಿಗೆ ಹೊಸ ಆಲ್ಬಂಗೆ ಮನೆಯ ವಿಳಾಸವನ್ನೇ ಹೆಸರಾಗಿ ಇಡಲು ನಿಶ್ಚಯಿಸಿದ್ದರು. ಅಶೀಮ್ ತಮ್ಮ ಪಾಲಿನ ಹಾಡು ಹಾಡಿಯಾಗಿತ್ತು. ಆಲ್ಬಂ ಹೊರಬರುವುದಷ್ಟೇ ಬಾಕಿ.

2009ರ ಡಿಸೆಂಬರ್ 25, ಕ್ರಿಸ್ಮಸ್ ದಿನ, ಅಶೀಮ್ ಚಕ್ರವರ್ತಿ ತೀರಿಕೊಂಡರು. ಹೃದಯಾಘಾತ. ವಯಸ್ಸು 52.

ಜನ ಏನಂದರು? ‘ಮುಗೀತು, ಅಂಗಡಿ ಬಾಗಿಲು ಹಾಕ್ತಾರೆ’ ಅಂದರು. ಉಳಿದ ಮೂವರು ಬಾಗಿಲು ಹಾಕಲಿಲ್ಲ, ಪೂರಾ ತೆರೆದಿಟ್ಟರು! 2010ರ ಜುಲೈನಿಂದ ಆ ಆಲ್ಬಂನ ಏಳು ಹಾಡುಗಳನ್ನು ತಿಂಗಳಿಗೆ ಒಂದರಂತೆ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಕೊಟ್ಟರು. ಕಂಪನಿಯವರ ಹಂಗೂ ಬೇಡ, ಕೇಳುವವನ ಜೇಬಿಗೂ ಕೈ ಹಾಕೋದು ಬೇಡ. ಯಾರು ಬೇಕಾದರೂ ತೆಗೆದುಕೊಂಡು ಹೋಗಿ ಕೇಳಿ ಅಂತ. ಸತ್ತ ಗೆಳೆಯನ ದನಿಗೆ ರೇಟ್ ಕಟ್ಟಲಿಲ್ಲ ನೋಡಿ, ಅದು ನನಗೆ ದೊಡ್ಡದಾಗಿ ಕಾಣುತ್ತೆ.

ಅದೇ 2010ರಲ್ಲಿ ಜೈದೀಪ್ ವರ್ಮಾ ನಿರ್ದೇಶಿಸಿದ ‘ಲೀವಿಂಗ್ ಹೋಮ್’ ಚಿತ್ರಮಂದಿರಕ್ಕೆ ಬಂತು. ಇವರದೇ ಬದುಕು, ಇವರದೇ ಹಾಡು. ಸಾಕ್ಷ್ಯಚಿತ್ರಕ್ಕೆ ಟಿಕೆಟ್ ಕೊಟ್ಟು ಜನ ಒಳಗೆ ಹೋದರು ಅಂದರೆ ನಂಬ್ತೀರಾ? ತೆರೆಯ ಮೇಲೆ ಅಶೀಮ್ ನಗುತ್ತಾ ತಬಲಾ ಬಾರಿಸುತ್ತಿದ್ದಾರೆ. ಬಿಡುಗಡೆಯ ಹೊತ್ತಿಗೆ ಅವರೇ ಇಲ್ಲ. ಇಂಥ ಸೀನು ಯಾವ ಚಿತ್ರಕಥೆಗಾರನೂ ಬರೆಯಲಾರ.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. ಅಶೀಮ್ ಒಬ್ಬರ ಜಾಗಕ್ಕೆ ಇಬ್ಬರು ಬೇಕಾದರು! ಹಾಡಲು ಹಿಮಾಂಶು ಜೋಶಿ, ತಬಲಾಕ್ಕೆ ತುಹೀನ್ ಚಕ್ರವರ್ತಿ. 2010ರ ‘ಪೀಪ್ಲಿ ಲೈವ್’ ಚಿತ್ರದಲ್ಲಿ ಇವರ ಹಾಡು ಕೇಳಿಸಿತು. 2013ರಲ್ಲಿ, ತಂಡವನ್ನು ಹುಟ್ಟಿಸಿದ ಸುಸ್ಮಿತ್ ಸೇನ್ ಅವರೇ ಹೊರಟುಹೋದರು, ತಮ್ಮದೇ ದಾರಿ ಹಿಡಿದರು. ಗಿಟಾರ್ ನಿಖಿಲ್ ರಾವ್ ಕೈಗೆ ಬಂತು. 2014ರಲ್ಲಿ ‘ತಂದಾನು’. 2015ರಲ್ಲಿ ನೀರಜ್ ಘಾಯ್ವಾನ್ ಅವರ ‘ಮಸಾನ್’ ಚಿತ್ರಕ್ಕೆ ಸಂಗೀತ, ಸಾಹಿತ್ಯ ವರುಣ್ ಗ್ರೋವರ್. ಕಾಶಿಯ ಸುಡುಗಾಡಿನ ಹುಡುಗನ ಪ್ರೇಮಕಥೆ, ಕಾನ್ ಉತ್ಸವದಲ್ಲಿ ಪ್ರಶಸ್ತಿ ಗೆದ್ದ ಚಿತ್ರ. 2023ರಲ್ಲಿ ಮತ್ತೊಂದು ಆಲ್ಬಂ, ‘ತೂ ಹೈ’.

1993ರಿಂದ 2023. ಮೂವತ್ತು ವರ್ಷಕ್ಕೆ, ಸಿನಿಮಾ ಬಿಟ್ಟರೆ, ಏಳು ಆಲ್ಬಂ. ನಮ್ಮ ಬಿಡುವಿಲ್ಲದ ಸಂಗೀತ ನಿರ್ದೇಶಕರು ಅಷ್ಟನ್ನು ಒಂದು ವರ್ಷದಲ್ಲಿ ಮುಗಿಸಿ ಎಂಟನೆಯದಕ್ಕೆ ಅಡ್ವಾನ್ಸ್ ತಗೊಂಡಿರ್ತಾರೆ!

ನನ್ನ ಬಾಂಗೋ

ಈಗ ಮೂರು ವಾರ ಯಾಕೆ ತಪ್ಪಿಸಿಕೊಂಡೆ ಅಂತ ಹೇಳ್ತೀನಿ. ಇಷ್ಟು ವರ್ಷ ಈ ಅಂಕಣದಲ್ಲಿ ಊರವರ ವಿಷಯ ಎಲ್ಲಾ ಬರೆದೆ, ಇದನ್ನು ಮಾತ್ರ ಬರೆದಿರಲಿಲ್ಲ.

ನಾನೂ ಒಂದು ಕಾಲದಲ್ಲಿ ಆರ್ಕೆಸ್ಟ್ರಾದಲ್ಲಿ ಬಾಂಗೋ ಬಾರಿಸುತ್ತಿದ್ದೆ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ಮನೆ ಆರತಕ್ಷತೆ. ಕೈ ಚೆನ್ನಾಗಿತ್ತು ಅಂತ ಎಲ್ಲರೂ ಹೇಳೋರು. ಒಮ್ಮೆ ಸಿನಿಮಾ ಸಂಗೀತದವರೊಬ್ಬರು ಕೇಳಿ, ‘ಒಳ್ಳೇ ಕೈ ಕಣಯ್ಯಾ, ರೆಕಾರ್ಡಿಂಗ್‌ಗೆ ಹೇಳಿ ಕಳಿಸ್ತೀನಿ’ ಅಂದರು. ಅಷ್ಟೇ! ಮಾರನೇ ದಿನದಿಂದ ನಾನು ಪೆಂಡಾಲಿನ ಕಡೆ ತಲೆ ಹಾಕಲಿಲ್ಲ. ‘ಸಿನಿಮಾದವನು ಗಣೇಶನ ಗಲಾಟೆಯಲ್ಲಿ ಬಾರಿಸ್ತಾನಾ?’ ಅಂತ ಜಂಭ. ಗೆಳೆಯರು ಕರೆದು ಕರೆದು ಸುಸ್ತಾದರು, ಬೇರೆಯವನನ್ನು ಹಾಕಿಕೊಂಡರು. ಎರಡು ವರ್ಷ ಕಾದೆ. ಹೇಳಿ ಕಳಿಸುವವರು ಕಳಿಸಲಿಲ್ಲ. ಬಾಂಗೋ ಮಾರಿದೆ. ಆ ದುಡ್ಡಲ್ಲಿ ಒಂದು ಜೊತೆ ಪ್ಯಾಂಟು ಹೊಲಿಸಿಕೊಂಡು ಕೆಲಸದ ಸಂದರ್ಶನಕ್ಕೆ ಹೋದೆ.

ಚಾನ್ಸ್ ಸಿಗಲಿಲ್ಲ ಅನ್ನೋ ದುಃಖ ಎಂದೋ ಆರಿಹೋಯಿತು. ಆ ಎರಡು ವರ್ಷ ಬಾರಿಸದೇ ಕೂತೆನಲ್ಲ, ಅದು ಇವತ್ತಿಗೂ ಚುಚ್ಚುತ್ತೆ. ಆ ರಾತ್ರಿ ಬಸ್ಸಿನಲ್ಲಿ ‘ಬಂದೇ’ ಕೇಳುವಾಗ ಮುಂದಿನ ಸೀಟಿನ ಕಂಬಿಯ ಮೇಲೆ ನನ್ನ ಬೆರಳು ತಾನಾಗೇ ಆಡುತ್ತಿತ್ತು. ‘ಅಂಕಲ್, ನೀವು ಬಾರಿಸ್ತಿದ್ರಾ?’ ಅಂದ ಆ ಹುಡುಗ. ಇಲ್ಲ ಅಂತ ಸುಳ್ಳು ಹೇಳಿದೆ.

ಆದ್ದರಿಂದ ತಮ್ಮಾ, ಕೇಳು. ಸಿನಿಮಾ ಚಾನ್ಸ್ ಇಲ್ಲದ ಹಾಡೂ ಹಾಡೇ. ಹೊಟ್ಟೆಪಾಡಿಗೆ ಕೆಲಸ ನೋಡು, ಅಪ್ಪನ ಮಾತಿನಲ್ಲಿ ತಪ್ಪಿಲ್ಲ. ಅವರಿಗೆ ನಿನ್ನ ಚಿಂತೆ, ಗಿಟಾರಿನ ಮೇಲೆ ಹಗೆ ಅಲ್ಲ. ಸಂಬಳದ ಕೆಲಸ ಮಾಡಿದವನ ಬೆರಳಿಗೆ ಗಿಟಾರ್ ತಂತಿ ಮುನಿಸಿಕೊಳ್ಳೋಲ್ಲ. ಆದರೆ ವಾರಕ್ಕೆ ಎರಡು ಸಲ ನಾಲ್ಕು ಜನವೂ ಒಂದು ಕಡೆ ಸೇರಿ. ಬಂಗಲೆ ಬೇಡ, ಯಾರದಾದರೂ ಮನೆಯ ಮಹಡಿ ಸಾಕು. ಸ್ಟುಡಿಯೋ ಗೇಟಿಗೆ ಹೋಗುವ ಬಸ್ ಚಾರ್ಜಿನಲ್ಲಿ ಹೊಸ ತಂತಿ ತಗೋ. ಯಾರೋ ಹೇಳಿ ಕಳಿಸ್ತಾರೆ ಅಂತ ಮಾತ್ರ ಕೈ ಕಟ್ಟಿಕೊಂಡು ಕೂರಬೇಡ.

ಗಿಟಾರ್ ಮಾರಲೇಬೇಕಾ? ಮಾರು. ನಿಮ್ಮ ಹಾಡು ಧ್ವನಿಮುದ್ರಣ ಮಾಡೋಕೆ ದುಡ್ಡು ಸಾಲದೆ ಬಂದರೆ ಮಾರು. ಸುಸ್ಮಿತ್ ಸೇನ್ ಹಾಗೇ ಮಾರಿದ್ದು. ಪ್ಯಾಂಟು ಹೊಲಿಸೋಕೆ ಮಾರಬೇಡ. ಆ ಪ್ಯಾಂಟು ಎರಡೇ ವರ್ಷಕ್ಕೆ ಹರಿದುಹೋಯಿತು, ನಾನೇ ಸಾಕ್ಷಿ.

ಉತ್ತರ ಬರಿ. ಹಾಡು ಮಾಡಿದ್ದರೆ ಅದನ್ನೂ ಕಳಿಸು, ಮಹಡಿ ಮೇಲೆ ಮಾಡಿದ್ದಾದರೂ ಸರಿ. ಶಿಳ್ಳೆ ಹೊಡೆಯೋಕೆ ಒಬ್ಬ ಮುದುಕ ಗಾಂಧಿ ಕ್ಲಾಸಿನಲ್ಲಿ ಕಾದಿರ್ತಾನೆ.

ಬೆಲ್ ಆಯ್ತು ಮಿತ್ರರೇ, ಒಳಗೆ ನಡೀರಿ. ಉಳಿದದ್ದು ಮುಂದಿನ ವಾರ.